ನಾಯಿಗೆ ಬಿಸ್ಕತ್ತು ಹಾಕುವ ಹಂತಕ

ಕಳೆದ ವಾರ ಮನೆಮಂದಿಯೆಲ್ಲ ಕೂತು ಒಂದು ವೆಬ್ ಸೀರೀಸ್ ನೋಡಿದೆವು. ಎಂಟು ಕಂತು. ಕಥೆ ಹೇಳಬೇಕಾಗಿಲ್ಲ, ನಿಮಗೆ ಗೊತ್ತಿರುವುದೇ. ಒಬ್ಬ ಬಾಡಿಗೆ ಹಂತಕ, ಅವನ ಬೆನ್ನು ಬಿದ್ದ ಒಬ್ಬ ಪತ್ತೇದಾರ. ಹಂತಕನಿಗೆ ತತ್ವಗಳಿವೆ. ಹೆಂಗಸರನ್ನು ಮುಟ್ಟುವುದಿಲ್ಲ. ಮಕ್ಕಳೆದುರು ಗುಂಡು ಹಾರಿಸುವುದಿಲ್ಲ. ಅಡ್ವಾನ್ಸ್ ತಗೊಂಡ ಮೇಲೆ ಮಾತು ತಪ್ಪುವುದಿಲ್ಲ. ನಮ್ಮ ಮನೆಗೆ ಪೇಂಟ್ ಹೊಡೆಯುತ್ತೇನೆ ಅಂತ ಅಡ್ವಾನ್ಸ್ ತಗೊಂಡು ಹೋದವನಿಗೆ ಈ ಮೂರನೆಯ ತತ್ವ ಇದ್ದಿದ್ದರೆ ದೀಪಾವಳಿ ಹೊತ್ತಿಗೆ ಗೋಡೆ ಬೆಳ್ಳಗಾಗಿರುತ್ತಿತ್ತು.

ಎರಡನೇ ಕಂತಿನಲ್ಲಿ ಅವನು ಕೊಲೆಗೆ ಹೊರಟವನು, ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಸ್ಕತ್ತಿನ ಪೊಟ್ಟಣ ಒಡೆದು ಬೀದಿ ನಾಯಿಗೆ ಒಂದೊಂದೇ ತಿನ್ನಿಸುತ್ತಾನೆ. ಹಿನ್ನೆಲೆಯಲ್ಲಿ ಕೊಳಲು. ನಮ್ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಪಾಪ, ಒಳ್ಳೇ ಹುಡುಗ. ಹೊತ್ತಿಗೆ ಸರಿಯಾಗಿ ಮದುವೆ ಮಾಡಿದ್ದಿದ್ರೆ ಈ ಕೆಲಸಕ್ಕೆ ಬರ್ತಿರಲಿಲ್ಲ." ಪತ್ತೇದಾರನ ಪಾಡು ಬೇರೆ. ಹೆಂಡತಿ ಬಿಟ್ಟುಹೋಗಿದ್ದಾಳೆ, ನಿದ್ದೆಯಿಲ್ಲ, ಎಲ್ಲಿಗೆ ಹೋದರೂ ಮಳೆ. ನಾಯಿಗೆ ಅವನು ಏನೂ ಹಾಕುವುದಿಲ್ಲ. ಮೂರನೇ ಕಂತಿನ ಹೊತ್ತಿಗೆ ನಾವೆಲ್ಲ ಕೊಲೆಗಾರನ ಪಾರ್ಟಿ.

ನಾನು ಹುಡುಗನಾಗಿದ್ದಾಗ ಹೀಗಿರಲಿಲ್ಲ. ನಾಲ್ಕಾಣೆ ಬಾಡಿಗೆಗೆ ತರುತ್ತಿದ್ದ ಪತ್ತೇದಾರಿ ಕಾದಂಬರಿಯ ಕೊಲೆಗಾರನಿಗೆ ತತ್ವ ಇರುತ್ತಿರಲಿಲ್ಲ, ಆಸ್ತಿಯ ಆಸೆ ಇರುತ್ತಿತ್ತು. ಸಾಮಾನ್ಯವಾಗಿ ಅವನು ಚಿಕ್ಕಪ್ಪ. ಕೊನೆಯ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದರೂ ಚಿಂತೆಯಿಲ್ಲ, ಚಿಕ್ಕಪ್ಪನೇ. ಎಷ್ಟೋ ವರ್ಷ ನಾನು ನನ್ನ ಚಿಕ್ಕಪ್ಪ ಕೊಟ್ಟ ಕಾಫಿ ಕುಡಿಯಲು ಹೆದರುತ್ತಿದ್ದೆ. ನಮ್ಮ ಹತ್ತಿರ ಹೊಡೆಯುವಂಥ ಆಸ್ತಿಯೇ ಇಲ್ಲ ಅನ್ನುವುದು ಆಗ ಹೊಳೆದಿರಲಿಲ್ಲ.

ಇರಲಿ, ತತ್ವಕ್ಕೆ ಬರೋಣ. ತತ್ವವಂತ ಹಂತಕರನ್ನು ನೋಡಲು ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಬೇಕಾ? 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದಲ್ಲಿ, ಕಚೇರಿಯಿಂದ ಬಂದು ಗೇಟು ತೆಗೆಯುತ್ತಿದ್ದ ಪತ್ರಕರ್ತೆ ಗೌರಿ ಲಂಕೇಶರ ಮೇಲೆ ಗುಂಡು ಹಾರಿಸಿದವನು ಹೆಲ್ಮೆಟ್ ಹಾಕಿದ್ದ. ಬೆಂಗಳೂರಿನ ಗಲ್ಲಿಯೊಳಗೂ ಹೆಲ್ಮೆಟ್! ಎಂಥ ಕಾನೂನುಪಾಲಕ ನೋಡಿ. ಹೆಂಗಸರನ್ನು ಮುಟ್ಟಬಾರದು ಅನ್ನುವ ನಿಯಮ ಮಾತ್ರ ಇವರಲ್ಲಿರಲಿಲ್ಲ. ಹಿರಿಯರನ್ನು ಬಿಡಬೇಕು ಅಂತಲೂ ಇರಲಿಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಬಾಗಿಲು ತಟ್ಟಿ, ವಚನಗಳ ಜೊತೆಯೇ ಬದುಕು ಕಳೆದ ಎಂ.ಎಂ. ಕಲಬುರ್ಗಿಯವರ ಹಣೆಗೆ ಹೊಡೆದರು. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನದವರು ಹೇಳಿದರು. ಏನು ಮಿತವ್ಯಯ! ಸೀರೀಸಿನ ಹಂತಕ ಕೊಲೆಗೊಂದು ಬಂದೂಕು ನದಿಗೆಸೆಯುತ್ತಾನೆ, ದುಂದುಗಾರ.

ಯಾರನ್ನು ಕೊಲ್ಲುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ ಎಂದು ಗೌರಿ ಪ್ರಕರಣದ ಆರೋಪಿಯೊಬ್ಬ ಪೊಲೀಸರಿಗೆ ಹೇಳಿದನಂತೆ, 2018ರಲ್ಲಿ ಪೇಪರಿನಲ್ಲಿ ಬಂದಿತ್ತು. ಆ ಮಾತು ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ನನಗೆ ಬೇಡ. ಓದದೆ ವಿಮರ್ಶೆ ಮಾಡುವವರನ್ನು ಕನ್ನಡ ಸಾಹಿತ್ಯಲೋಕ ಬೇಕಾದಷ್ಟು ಕಂಡಿದೆ. ಇಷ್ಟು ದೂರ ಹೋದವರನ್ನು ಕಂಡಿರಲಿಲ್ಲ.

ನಮ್ಮ ಪತ್ತೇದಾರರೇನೂ ಕಡಿಮೆಯಲ್ಲ. ಸಿಸಿಟಿವಿಯಲ್ಲಿ ಮುಖ ಕಾಣಲಿಲ್ಲ ಅಂತ ವಿಶೇಷ ತನಿಖಾ ತಂಡದವರು ಆ ಹೆಲ್ಮೆಟ್‌ಧಾರಿಯ ನಡಿಗೆಯನ್ನೇ ಗುಜರಾತಿನ ಪ್ರಯೋಗಾಲಯಕ್ಕೆ ಕಳಿಸಿ ತಾಳೆ ನೋಡಿಸಿದರು. 18 ಆರೋಪಿಗಳು, 9,235 ಪುಟಗಳ ಆರೋಪಪಟ್ಟಿ. ಆರೋಪಿಯೊಬ್ಬನ ಡೈರಿಯೂ ಸಿಕ್ಕಿತು. ಅದರಲ್ಲಿದ್ದ, ಕೊಲ್ಲಬೇಕಾದವರ ಪಟ್ಟಿಯಲ್ಲಿ ನಾಟಕಕಾರ ಗಿರೀಶ ಕಾರ್ನಾಡರ ಹೆಸರಿತ್ತು ಅಂತ ವರದಿಯಾಯಿತು. ಗೌರಿ ಸತ್ತು ವರ್ಷವಾದ ದಿನ ಕಾರ್ನಾಡರು ಮೂಗಿಗೆ ಆಮ್ಲಜನಕದ ನಳಿಕೆ, ಕೊರಳಿಗೆ 'ಮೀ ಟೂ ಅರ್ಬನ್ ನಕ್ಸಲ್' (ಸರ್ಕಾರವನ್ನು ಟೀಕಿಸುವವರಿಗೆ ಅಂಟಿಸುತ್ತಿದ್ದ ಹೆಸರು ಅದು) ಅನ್ನುವ ಫಲಕ ಹಾಕಿಕೊಂಡು ನೆನಪಿನ ಸಭೆಗೆ ಬಂದು ಕೂತರು. ಪೊಲೀಸರಿಗೆ ದೂರು ಹೋಯಿತು. ಯಾರ ಮೇಲೆ? ಕಾರ್ನಾಡರ ಮೇಲೆ.

ವಿಚಾರಣೆ ಶುರುವಾಗಿದ್ದು 2022ರ ಜುಲೈಯಲ್ಲಿ. ಪಟ್ಟಿಯಲ್ಲಿದ್ದ ಸಾಕ್ಷಿಗಳು 527. ಮುಂದಿನ ವರ್ಷದ ಡಿಸೆಂಬರಿನಲ್ಲಿ ತಡವಾಯಿತು ಅಂತ ಹೈಕೋರ್ಟು ಮೊದಲ ಜಾಮೀನು ಕೊಟ್ಟಾಗ ಮುಗಿದಿದ್ದದ್ದು 90 ಸಾಕ್ಷಿಗಳದ್ದು. 2024ರ ಅಕ್ಟೋಬರಿನಲ್ಲಿ ಜಾಮೀನಿನ ಮೇಲೆ ಹೊರಬಂದ ಇಬ್ಬರನ್ನು ವಿಜಯಪುರದಲ್ಲಿ ಶಿವಾಜಿ ಪ್ರತಿಮೆಯ ಹತ್ತಿರ ಹಾರ, ಕೇಸರಿ ಶಾಲು, ಘೋಷಣೆಗಳೊಂದಿಗೆ ಬರಮಾಡಿಕೊಂಡರು. ಅದೇ ತಿಂಗಳು ಇನ್ನೊಬ್ಬ ಆರೋಪಿ ಮಹಾರಾಷ್ಟ್ರದಲ್ಲಿ ಒಂದು ಪಕ್ಷವನ್ನೇ ಸೇರಿಬಿಟ್ಟ. ಗಲಾಟೆಯಾದ ಮೇಲೆ ಅದಕ್ಕೆ ತಡೆ ಬಿತ್ತು.

ಜಾಮೀನು ಸಿಗಬೇಕಾದ್ದೇ. ತೀರ್ಪಿಲ್ಲದೆ ಆರು ವರ್ಷ ಯಾರನ್ನೂ ಒಳಗೆ ಕೂರಿಸಬಾರದು. ಅಪರಾಧ ಸಾಬೀತಾಗಿಲ್ಲ, ಅದೂ ನಿಜ. ಹಾಗಾದರೆ ಹಾರ ಯಾವುದಕ್ಕೆ? ಕೊಲೆ ಮಾಡಿಲ್ಲ ಅಂತಲಾ? ನಾನೂ ಮಾಡಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಮಾಡಿಲ್ಲ. ನಮಗ್ಯಾರೂ ಒಂದು ಮೊಳ ಮಲ್ಲಿಗೆ ಕೂಡ ತಂದುಕೊಟ್ಟಿಲ್ಲ. ಹಾರ ಹಿಡಿದು ನಿಂತವರಿಗೆ ತಾವು ಯಾವುದಕ್ಕೆ ಹಾಕುತ್ತಿದ್ದೇವೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ನಮಗೂ ಗೊತ್ತಿತ್ತು. ಒಂದು ದಿನ ಸುದ್ದಿಯಾಯಿತು, ಮುಗಿಯಿತು. ತಮಾಷೆಯಾಗಿ ಬರೆಯೋಣ ಅಂತ ಕೂತವನು ನಾನು. ಸಾಕಾಗಿದೆ.

ಎಂಟನೇ ಕಂತಿನಲ್ಲಿ ಪತ್ತೇದಾರ ಹಂತಕನ ಕೈಗೆ ಬೇಡಿ ಹಾಕಿದ. ಪರದೆಯ ಮೇಲೆ ಹೆಸರುಗಳು ಓಡತೊಡಗಿದವು.

"ಮುಗೀತಾ? ಆಮೇಲೆ ಅವನಿಗೇನಾಗುತ್ತೆ?" ಅಂದರು ಅತ್ತೆ.

"ಅದು ಮುಂದಿನ ಸೀಸನ್‌ನಲ್ಲಿ ಅಜ್ಜಿ," ಅಂದ ಮಗ.

"ಯಾವಾಗ ಬರುತ್ತೆ?"

"ಸುಮ್ನೆ ಮಲಗಿ ಅಜ್ಜಿ. ಇನ್ನೂ ಡೇಟ್ ಕೊಟ್ಟಿಲ್ಲ."