ಪಾದ್ರಿ ಹೇಳಿದರೆ ಕಾನೂನು ಅಲ್ವಂತೆ!

ಮಂಗಳೂರಿನ ಒಂದು ಕಾಲೇಜಿನಲ್ಲಿ ಉಪನ್ಯಾಸ ಕೇಳಿ ಈಗಷ್ಟೇ ಮನೆಗೆ ಬಂದೆ. ತಲೆ ಬಿಸಿಯಾಗಿದೆ ಮಾರಾಯ್ರೆ. ವಿಷಯ ಫ್ರಾನ್ಸಿಸ್ಕೊ ದೆ ವಿತೋರಿಯಾ, ಹದಿನಾರನೇ ಶತಮಾನದ ಸ್ಪೇನಿನ ಪಾದ್ರಿ, ದೇವಶಾಸ್ತ್ರದ ಮೇಷ್ಟ್ರು. ಮಾತಾಡಿದವರು ತುಂಬಾ ಚೆನ್ನಾಗಿ ಬಿಡಿಸಿ ಹೇಳಿದರು. ಕೊನೆಗೆ ನಮ್ಮ ಕೋರ್ಟಿನ ಹಿರಿಯರೊಬ್ಬರು ಎದ್ದು, ಎರಡು ಸಲ ಮೈಕು ತಟ್ಟಿ, "ಇದೆಲ್ಲ ಪಾದ್ರಿಗಳ ಸಬ್ಜೆಕ್ಟ್ ಅಲ್ವಾ? ಕಾನೂನು ಎಲ್ಲಿ?" ಅಂದರು. ಎಲ್ಲರೂ ನಕ್ಕರು. ಚಾ ಬಂತು. ಚರ್ಚೆ ಅಲ್ಲಿಗೇ ಮುಗಿಯಿತು.

ವಿತೋರಿಯಾ ಪಾದ್ರಿಯೇ, ಸರಿ. 1539ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ ಪಾಠ ಮಾಡುತ್ತಾ ಏನಂದ? ಅಮೆರಿಕದ ಮೂಲನಿವಾಸಿಗಳು ಕ್ರೈಸ್ತರಲ್ಲದಿದ್ದರೂ ಅವರ ಜಾಗಕ್ಕೆ ಅವರೇ ಯಜಮಾನರು. ಪಾಪಿಗಳು, ನಂಬಿಕೆ ಇಲ್ಲದವರು ಅಂತ ಹೇಳಿ ಕಿತ್ತುಕೊಳ್ಳುವ ಹಾಗಿಲ್ಲ. ಪೋಪ್ ಇಡೀ ಲೋಕಕ್ಕೆ ದೊರೆ ಅಲ್ಲ. ಅದೇ ವರ್ಷ ಚಕ್ರವರ್ತಿ ಐದನೇ ಚಾರ್ಲ್ಸ್ ಅವನ ಮಠದ ಮುಖ್ಯಸ್ಥರಿಗೆ ಪತ್ರ ಬರೆದು, ಈ ಚರ್ಚೆ ನಿಲ್ಲಿಸಿ ಅಂದ. ಬರೇ ಪಾದ್ರಿಗಳ ಸಬ್ಜೆಕ್ಟ್ ಆಗಿದ್ದರೆ ಚಕ್ರವರ್ತಿಗೆ ಎಂತ ಉರಿ? ಕುಮ್ಕಿ ಜಾಗದ (ಸಾಗುವಳಿ ಜಮೀನಿಗೆ ತಾಗಿದ ಸರ್ಕಾರಿ ಜಾಗದ) ಕೇಸಿನಲ್ಲೇ ತಲೆ ನರೆಸಿಕೊಂಡ ವಕೀಲರಿಗೆ "ಈ ಜಾಗ ಯಾರದ್ದು" ಅನ್ನುವುದು ಕಾನೂನಿನ ಪ್ರಶ್ನೆ ಅಂತ ನಾನು ಹೇಳಿಕೊಡಬೇಕಾ?

ನಾನು ಪಾದ್ರಿಯಾಗಲು ಓದುವ ಸೆಮಿನರಿಯಿಂದ ಅರ್ಧಕ್ಕೆ ಎದ್ದು ಬಂದು ಕಪ್ಪು ಕೋಟು ಹಾಕಿದವನು, ನಿಮಗೆಲ್ಲ ಗೊತ್ತಿದೆ. ಅಮ್ಮ ಇವತ್ತಿಗೂ ಆ ಮಾತು ಎತ್ತುವುದಿಲ್ಲ. ಅಲ್ಲಿದ್ದಾಗ "ನಮಗ್ಯಾಕೆ ಕಾನೂನು" ಅನ್ನುವುದು ಕೇಳಿದೆ. ಇಲ್ಲಿ "ನಮಗ್ಯಾಕೆ ದೇವರ ವಿಚಾರ" ಅನ್ನುವುದು ಕೇಳುತ್ತಿದ್ದೇನೆ. ಮನುಷ್ಯನ ಮರ್ಯಾದೆಯ ಪ್ರಶ್ನೆಯನ್ನು ಯಾವ ಕೌಂಟರಿನಲ್ಲಿ ಕೊಡಬೇಕು ಅಂತ ಯಾರಾದರೂ ಬೋರ್ಡು ಹಾಕಿ ಮಾರಾಯ್ರೆ.

ವಿತೋರಿಯಾ ಸಾಚಾ ಅಲ್ಲ, ವ್ಯಾಪಾರ ಅಥವಾ ಧರ್ಮಪ್ರಚಾರ ತಡೆದರೆ ಯುದ್ಧ ಮಾಡಬಹುದು ಅಂತಲೂ ಹೇಳಿದ್ದಾನಲ್ಲ ಅನ್ನುತ್ತೀರಾ? ಹೌದು, ಹಿಂಬಾಗಿಲು ಬಿಟ್ಟಿದ್ದ. ನಮ್ಮ ಕಾನೂನಿಗೆ ಹಿಂಬಾಗಿಲು ಇಲ್ವಾ? ಅದರಲ್ಲೇ ಓಡಾಡಿ ಅಲ್ವಾ ನಮ್ಮ ಅರ್ಧ ಫೀಸು ಬರುವುದು!

ಸ್ಪೇನ್ ದೂರ ಆಯಿತಾ? ಕುದ್ಮುಲ್ ರಂಗರಾವ್ ಇದೇ ಮಂಗಳೂರಿನ ವಕೀಲರು. ಬ್ರಹ್ಮಸಮಾಜದವರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿ ದಲಿತ ಮಕ್ಕಳಿಗೆ ಶಾಲೆ ನಡೆಸಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಅಸ್ಪೃಶ್ಯತೆ ನಿಷೇಧಿಸಿದ ಸಂವಿಧಾನದ 17ನೇ ವಿಧಿ ಬಂದದ್ದು 1950ರಲ್ಲಿ. ಅಷ್ಟು ಮೊದಲೇ ಇವರು ಯಾವ ಸೆಕ್ಷನ್ ನೋಡಿಕೊಂಡು ಹೊರಟದ್ದು? ಅವರ ನಂಬಿಕೆ ಎಲ್ಲಿ ಮುಗಿಯಿತು, ನ್ಯಾಯ ಎಲ್ಲಿ ಶುರುವಾಯಿತು ಅಂತ ಮೈಕು ತಟ್ಟಿದ ಹಿರಿಯರು ಒಂದು ಗೆರೆ ಎಳೆದು ತೋರಿಸಲಿ.

ಉಪನ್ಯಾಸದ ಟಿಪ್ಪಣಿಯ ಪಿಡಿಎಫ್ ನನ್ನ ಹತ್ತಿರ ಇದೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ವಕೀಲರಿಗೆ ಆದ್ಯತೆ.