ವಾಪಸು ಬರುವ ಪುರಾವೆ

ಡಿಸೆಂಬರ್ ಬಂತೆಂದರೆ ಶಿರಸಿ ಸೀಮೆಯಲ್ಲಿ ಈಚೆಗೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು; ಇನ್ನೊಂದು ಸ್ವಿಟ್ಜರ್ಲೆಂಡ್. ಮೊದಲನೆಯದು ಅಜ್ಜನ ಕಾಲದ್ದು. ಎರಡನೆಯದು ಬೆಂಗಳೂರಿನ ಕಂಪನಿಗಳು ಕ್ರಿಸ್‌ಮಸ್‌ಗೆ ಬಾಗಿಲು ಹಾಕಲು ಕಲಿತ ಮೇಲಿನದು. ಮೊಮ್ಮಕ್ಕಳಿಗೆ ರಜೆ ಬೀಳುವುದೂ ಆಗಲೇ, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಕೈಗೆ ಸಿಗುವುದೂ ಆಗಲೇ. ಆಗ ಬಿಟ್ಟರೆ ಅವನು ಮತ್ತೆ ಅಂಗಳಕ್ಕೆ ಬರುವಷ್ಟರಲ್ಲಿ ಹಸಿಯಾಗಿ ಕೊಯ್ದು ಬೇಯಿಸಿ ಕೆಂಪಡಿಕೆ ಆಗಬೇಕಾದ್ದೆಲ್ಲ ಮರದಲ್ಲೇ ಹಣ್ಣಾಗಿ, ಒಣಗಿಸಿ ಸುಲಿಯುವ ಚಾಲಿಯ ದಾರಿ ಹಿಡಿದಿರುತ್ತದೆ. ಹಿಮ ಬೀಳಿಸುವವರಿಗೆ ಈ ವಿಷಯ ಯಾರೂ ತಿಳಿಸಿದಂತಿಲ್ಲ.

ಈ ಸಲ ನಮ್ಮ ದೊಡ್ಡಣ್ಣನ ಮನೆಯ ಸರದಿ. ಮಗರಾಯ ಬೆಂಗಳೂರಿನಲ್ಲಿ ಕೂತೇ ಟಿಕೆಟ್ ತೆಗೆಸಿಬಿಟ್ಟಿದ್ದ. "ಅಪ್ಪಾ, ಒಂದ್ ವಾರ ಅಷ್ಟೇಯ. ನೀ ಸಹಿ ಹಾಕಿರೆ ಸಾಕು."

"ಕೊನೆ ಕೊಯ್ಸದು ಯಾರು?"

"ಅಪ್ಪಚ್ಚಿ ಇದ್ನಲ!"

ಅಪ್ಪಚ್ಚಿ ಎಂದರೆ ನಾನು. ಈ ಲೇಖನದ ಹಿಂದೆ ಹೊಟ್ಟೆಕಿಚ್ಚಿಲ್ಲ ಎಂದು ನಾನು ಹೇಳುವುದೂ ಇಲ್ಲ.

ಸಹಿ ಹಾಕಿದ ಮೇಲೆ ಗೊತ್ತಾಯಿತು, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಕೊಡುವ ಷೆಂಗೆನ್ ವೀಸಾ ಎಂಬುದು ಬರೀ ಸಹಿಗೆ ಬಗ್ಗುವ ಆಸಾಮಿಯಲ್ಲ. ತಲೆಗೆ 90 ಯೂರೊ ಶುಲ್ಕ. 30,000 ಯೂರೊಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ, ನಗು ಇಲ್ಲದ ಫೋಟೊ. ದುಡ್ಡು ಮತ್ತು ಮುಖ ಇದ್ದವರಿಗೆ ಇದೆಲ್ಲ ಆಗಿಹೋಗುವಂಥದ್ದು. ತೊಡಕಾಗುವುದು ಮುಂದಿನ ಬೇಡಿಕೆಗೆ: ನೀವು ವಾಪಸು ಬರುತ್ತೀರಿ ಎಂಬುದಕ್ಕೆ ಪುರಾವೆ ಕೊಡಿ. ವೀಸಾ ನಿರಾಕರಿಸುವ ಅಚ್ಚಾದ ನಮೂನೆಯಲ್ಲಿ ಕಾರಣಗಳ ಒಂದು ಪಟ್ಟಿಯೇ ಇರುತ್ತದೆ. ಅವಧಿ ಮುಗಿಯುವುದರೊಳಗೆ ಈ ಮನುಷ್ಯ ನಮ್ಮ ಗಡಿ ಬಿಟ್ಟು ಹೋಗುತ್ತಾನೆಂಬ ಬಗ್ಗೆ ಸಕಾರಣ ಸಂಶಯವಿದೆ ಎಂಬುದು ಅದರಲ್ಲೊಂದು.

ನಮ್ಮಣ್ಣನ ಮೇಲೆ ಸಂಶಯ! ಊಟಕ್ಕೆ ಅಪ್ಪೆಹುಳಿ ಸಿಗುವುದಿಲ್ಲವೆಂದು ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಉಳಿಯದ ಪ್ರಾಣಿ ಜ್ಯೂರಿಕ್‌ನಲ್ಲಿ ತಲೆಮರೆಸಿಕೊಂಡು, ಕಳ್ಳತನದಿಂದ ಹೋಟೆಲಿನ ಪಾತ್ರೆ ತೊಳೆದು, ಬ್ರೆಡ್ಡು ತಿಂದು ಬದುಕುತ್ತದಂತೆ.

ಆದರೂ ಪುರಾವೆ ಕೇಳಿದರೆ ಕೊಡಬೇಕಲ್ಲ. ಆದಾಯ ತೆರಿಗೆ ಕಟ್ಟಿದ ಕಾಗದ? ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ. ಮೇಲಧಿಕಾರಿ ರಜೆ ಮಂಜೂರು ಮಾಡಿದ ಪತ್ರ? ಅಣ್ಣನ ಮೇಲಧಿಕಾರಿ ಎಂದರೆ ಅತ್ತಿಗೆ, ಅವಳೂ ಜೊತೆಗೆ ಹೊರಟವಳು. ಉಳಿದದ್ದು ಪಹಣಿ. ಅದರಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಈಗಲೂ ನಮ್ಮಜ್ಜನೇ ಕೂತಿದ್ದಾನೆ. ವಾರಸಾ ಮಾಡಿಸಲು, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬರಲು, ಮೂವರು ಅಣ್ಣತಮ್ಮಂದಿರು ಒಂದೇ ದಿನ ತಾಲೂಕು ಕಚೇರಿಗೆ ಹೋಗಬೇಕು. ಒಂದೇ ದಿನ ಒಂದೇ ಮನಸ್ಸಿನಲ್ಲಿ ಹೋಗಬೇಕೆಂಬುದು ಇನ್ನೂ ಕಷ್ಟ. ಪಹಣಿ ನೋಡಿದ ಬೆಂಗಳೂರಿನ ಏಜೆಂಟ್ ಹುಡುಗಿ ಫೋನು ಮಾಡಿ ಕೇಳಿದಳು, "ಸರ್, ಇದ್ರಲ್ಲಿರೋ ಓನರ್ ಕೂಡ ಟ್ರಾವೆಲ್ ಮಾಡ್ತಾರಾ?" ಅವನು ಆಗಲೇ ಹೋಗಿಯಾಗಿದೆ ತಂಗಿ, ಅಲ್ಲಿಗೆ ವೀಸಾ ಬೇಕಾಗಲಿಲ್ಲ ಎಂದೆ.

ವಿದೇಶಿ ದೂತಾವಾಸದವರಿಗೆ ಪಹಣಿ ಓದಲು ಬರುವುದಿಲ್ಲ ಎಂಬುದೇ ನನ್ನ ತಕರಾರು. ಅವರು 9ನೇ ಕಾಲಂ ಬಿಟ್ಟು 11ನೇ ಕಾಲಂ ನೋಡಬೇಕಿತ್ತು. ಅಲ್ಲಿ ಸೊಸೈಟಿಯ ಸಾಲದ ಬೋಜಾ ಇದೆ. ಬೆಳೆಸಾಲ ವಾಯಿದೆಯೊಳಗೆ ತುಂಬಿದರೆ ಬಡ್ಡಿ ಶೂನ್ಯ, ತಪ್ಪಿದರೆ ಶೂನ್ಯದ ಸುಖ ಹೋಯಿತು. ಇಂಥ ಸಾಲ ಹೊತ್ತ ಹೆಗಡೆಯೋ ಭಟ್ಟನೋ ಆಲ್ಪ್ಸ್ ಪರ್ವತವಿರಲಿ, ವೈಕುಂಠದಿಂದಲೂ ಮಾರ್ಚ್ ಒಳಗೆ ಎದ್ದು ಬರುತ್ತಾನೆ.

ಅತ್ತಿಗೆಯದು ಬೇರೆಯದೇ ಪೇಚು. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಅಚ್ಚು ತೆಗೆಯುತ್ತಾರೆ. ಹಿಂದಿನ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಮೊದಲ ಕೊಯ್ಲಿನ ಅಡಿಕೆ ಸುಲಿದು ಬಸ್ಸು ಹತ್ತಿದವಳು. ಚೊಗರಿಗೆ ಬೆರಳ ತುದಿ ಕಪ್ಪಾಗಿ, ಚರ್ಮ ಒಣಗಿ, ಸಣ್ಣ ಸಣ್ಣ ಗೀರು. ಗಾಜಿನ ಮೇಲೆ ಇಟ್ಟರೆ ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟಳು, ಕೆಂಪು. ಒದ್ದೆ ಟಿಶ್ಯೂ ಕೊಟ್ಟರು, ಕೆಂಪು. ಕೊನೆಗೆ ಕೌಂಟರಿನ ಹುಡುಗ, "ಅಮ್ಮಾ, ಕೈಗೆ ಏನು ಹಚ್ಕೊಂಡಿದೀರಿ?" ಎಂದನಂತೆ. "ಹಚ್ಕಂಡಿದ್ದಲ್ದೋ ತಮಾ, ಹತ್ಕಂಡಿದ್ದು" ಎಂದಳು ಅತ್ತಿಗೆ. ಅವಳ ಪಕ್ಕದ ಕುರ್ಚಿಯಲ್ಲಿ ಮಗ ಕೂತಿದ್ದ. ಅವನ ಬೆರಳು ಮೊದಲ ಸಲಕ್ಕೇ ಹಸಿರು. ಕೀಬೋರ್ಡು ಮುಟ್ಟುವ ಕೈಗೆ ಗೆರೆ ಸವೆಯುವುದಿಲ್ಲ.

ಇಲ್ಲಿ ನನಗೆ ತಮಾಷೆ ಅನಿಸುವುದು ಇದು. ನೌಕರಿ, ಸಂಬಳದ ಚೀಟಿ, ತೆರಿಗೆಯ ಕಾಗದ, ಫ್ಲ್ಯಾಟಿನ ಸಾಲ ಎಲ್ಲವೂ ಇರುವುದರಿಂದ ಮಗ ಖಾತ್ರಿಯಾಗಿ ವಾಪಸು ಬರುವವನು ಎಂದು ಕಚೇರಿ ನಂಬುತ್ತದೆ. ಡಿಗ್ರಿಗೆಂದು ಶಿರಸಿ ಬಿಟ್ಟವನು ಅವನು, ಇನ್ನೂ ವಾಪಸು ಬಂದಿಲ್ಲ! ಹುಟ್ಟಿದ ಮನೆ ಬಿಟ್ಟು ಒಂದು ವಾರ ಎಲ್ಲೂ ಇರದ ಅಪ್ಪ ಅಮ್ಮನ ಮೇಲೆ ಮಾತ್ರ ಸಂಶಯ.

ಅಂತೂ ವೀಸಾ ಬಂತು, ಹೋದರು. ಹೋದದ್ದರ ವರ್ಣನೆ ಬೇಡ, ವಾಟ್ಸ್ಆ್ಯಪ್‌ನಲ್ಲಿ ಎಲ್ಲರ ಮನೆಯದೂ ಒಂದೇ: ಬಿಳಿ ನೆಲ, ಕೆಂಪು ಜಾಕೆಟ್ಟು, ಮಂಕಿಟೋಪಿ. ಒಂದು ಚಿತ್ರ ಮಾತ್ರ ನನ್ನ ಕಣ್ಣು ಕುಕ್ಕಿತು. ಯುಂಗ್‌ಫ್ರಾವ್ ರೈಲು. ಐಗರ್ ಪರ್ವತದ ಹೊಟ್ಟೆ ಕೊರೆದು, 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ಮುಟ್ಟಿಸುವ ಹಳಿ. 1896ರಲ್ಲಿ ಶುರು, 1912ರಲ್ಲಿ ಮುಗಿತಾಯ. ನಮ್ಮ ಹುಬ್ಬಳ್ಳಿ–ಅಂಕೋಲಾ ರೈಲು ಮಂಜೂರಾದದ್ದು 1990ರ ದಶಕದ ಕೊನೆಗೆ. ಅದು ಇವತ್ತಿಗೂ ಚುನಾವಣೆಯಿಂದ ಚುನಾವಣೆಗೆ ಓಡುತ್ತದೆ, ನಡುವೆ ನಿಲುಗಡೆ ಇಲ್ಲ. ಕಾಡು ಹೋಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ, ನಾನೂ ಅವರ ಪೈಕಿ. ಹಾಗಾದರೆ ಬೇಡವೆಂದು ಫೈಲು ಮುಚ್ಚಿ, ಪುಣ್ಯ ಕಟ್ಟಿಕೊಳ್ಳಿ. ಅದನ್ನೂ ಮಾಡುವುದಿಲ್ಲ. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣವೂ ಬರುತ್ತದೆಂದು ಕೇಳುತ್ತಲೇ ಇದ್ದೇವೆ. ಅಲ್ಲಿಯವರೆಗೆ ಗೋವಾವೇ ಗತಿ.

ಅಣ್ಣನ ಸಂಸಾರ ಗೋವಾಕ್ಕೆ ಬಂದಿಳಿಯಿತು. ಜ್ಯೂರಿಕ್‌ನಿಂದ ಗೋವಾದವರೆಗೆ ಯಾವ ಅಡ್ಡಿಯೂ ಇಲ್ಲ. ಕಾರವಾರ ದಾಟಿ ಕುಮಟೆಗೆ ಬಂದರೆ, ಶಿರಸಿಗೆ ಹತ್ತುವ ದೇವಿಮನೆ ಘಟ್ಟದಲ್ಲಿ ಕಾಮಗಾರಿ, ವಾಹನ ಬಿಡುವುದಿಲ್ಲ. ಹೊನ್ನಾವರಕ್ಕೆ ಹೋಗಿ, ಗೇರುಸೊಪ್ಪೆ ಹತ್ತಿ, ಸಿದ್ದಾಪುರ ಸುತ್ತಿ ಬನ್ನಿ ಎಂದರಂತೆ. ಅಣ್ಣ ಕಾರಿನಿಂದಲೇ ಫೋನು ಮಾಡಿದ, "ತಮಾ, ಆ ವೀಸಾದವು ಸಂಶಯ ಪಟ್ಟಿದ್ದು ಖರೆಯೇ ಆಗಿತ್ತು ಕಾಣ್ತು."

ಹೌದು ಮತ್ತೆ! ನಮ್ಮವರು ಅವಧಿಯೊಳಗೆ ಮನೆ ಮುಟ್ಟುತ್ತಾರೋ ಇಲ್ಲವೋ ಎಂಬ ಪ್ರಮಾಣಪತ್ರವನ್ನು ಪಹಣಿಯಲ್ಲಿ ಹುಡುಕಿ ಏನು ಫಲ? ಅದನ್ನು ರಸ್ತೆ ಇಲಾಖೆಯೇ ಕೊಡಬೇಕು, ಗುಡ್ಡ ಕುಸಿಯುವ ಮಳೆಗಾಲಕ್ಕೆ ಬೇರೆ ನಮೂನೆಯಲ್ಲಿ. ವಿಮೆಯದೂ ಅದೇ ಕಥೆ. ಆಲ್ಪ್ಸ್‌ನಲ್ಲಿ ಜಾರಿ ಬಿದ್ದರೆ 30,000 ಯೂರೊ ಕಾವಲಿದೆ. ಸ್ವಂತ ಜಿಲ್ಲೆಯಲ್ಲಿ ಎದೆ ಹಿಡಿದುಕೊಂಡರೆ ಮಣಿಪಾಲವೋ ಹುಬ್ಬಳ್ಳಿಯೋ ಎಂದು ಆಂಬುಲೆನ್ಸ್ ಬಾಗಿಲಲ್ಲಿ ಚರ್ಚೆ. ದೊಡ್ಡಾಸ್ಪತ್ರೆ ಕೊಡಿ ಎಂದು ಜಿಲ್ಲೆಯವರು ಕೂಗಿದ್ದು ಕಡಿಮೆಯೇನಲ್ಲ.

ನನ್ನದೊಂದು ಸೂಚನೆ. ಜಿಲ್ಲಾಡಳಿತ ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ ಒಂದು ವೀಸಾ ಕೇಂದ್ರ ತೆರೆಯಲಿ. ಉತ್ತರ ಕನ್ನಡಕ್ಕೆ ಬರುವ ಇಲ್ಲಿನ ಮಕ್ಕಳೇ ಅರ್ಜಿ ಹಾಕಬೇಕು. ಚೌತಿಗೆ ಎರಡು ರಾತ್ರಿ ಬಂದು ಮೂರನೆಯ ಬೆಳಿಗ್ಗೆ ಚಕ್ಕುಲಿ ಕಟ್ಟಿಸಿಕೊಂಡು ಹೊರಡುವವರಿಗೆ ಅಲ್ಪಾವಧಿ ವೀಸಾ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಂದು ರಥದ ಮುಂದೆ ಸೆಲ್ಫಿ ತೆಗೆದುಕೊಳ್ಳುವವರಿಗೆ ಪ್ರವಾಸಿ ವೀಸಾ. ಇವರು ಬೇಗ ಹೊರಡುತ್ತಾರೆಂಬುದಕ್ಕೆ ಪುರಾವೆ ಕೇಳುವ ಅಗತ್ಯವೇ ಇಲ್ಲ, ವಾಪಸು ಟಿಕೆಟ್ ಬರುವ ಮೊದಲೇ ತೆಗೆಸಿರುತ್ತಾರೆ. ಒಂದು ತಿಂಗಳಾದರೂ ಇರುತ್ತಾರೆಂಬುದಕ್ಕೆ ಪುರಾವೆ ತರಲಿ. ಯೂರೊ ಗೀರೊ ಬೇಡ, ಹತ್ತು ದಿನ ಮೆಟ್ಟುಗತ್ತಿಯ ಮುಂದೆ ಕೂರಲಿ. ಆಮೇಲೆ ಹತ್ತೂ ಬೆರಳು ಗಾಜಿನ ಮೇಲೆ ಇಡಿಸಿ ನೋಡೋಣ. ಕೆಂಪು ದೀಪ ಬಂದವರ ಅರ್ಜಿ ಮಂಜೂರು.