ತಲೆ ಇಲ್ಲದ ಐದು ಕೋಲು

ನಮ್ಮ ಅಂಗಳ ಗುಡಿಸುವ ಬ್ರಷ್ ಮೊನ್ನೆ ತೀರಿಕೊಂಡಿತು. ಪ್ರಾಯ ನಾಲ್ಕು ತಿಂಗಳು. ಮಳೆಗೆ ಉದುರಿದ ಹಲಸಿನ ಎಲೆ ಇಂಟರ್‌ಲಾಕಿಗೆ ಅಂಟಿಕೊಂಡಿತ್ತು. ಸ್ವಲ್ಪ ಒತ್ತಿ ತಳ್ಳಿದೆ, ಅಷ್ಟೇ. ಟಕ್ ಅಂತ ಕುತ್ತಿಗೆ ಮುರಿಯಿತು. ಕೋಲು ನನ್ನ ಕೈಯಲ್ಲಿ, ತಲೆ ತುಳಸಿಕಟ್ಟೆಯ ಬುಡದಲ್ಲಿ. ಕೋಲು ಮಾತ್ರ ಗಟ್ಟಿಮುಟ್ಟಾಗಿತ್ತು. ಒಂದು ಹೊಸ ತಲೆ ತಂದು ತಿರುಗಿಸಿ ಹಾಕಿದರಾಯ್ತು ಅಂತ ಪೇಟೆಗೆ ಹೊರಟೆ. ಅಷ್ಟು ದಡ್ಡ ನಾನು.

"ತಲೆ ಮಾತ್ರ ಬರುವುದಿಲ್ಲ ಮಾಷ್ಟ್ರೇ. ಕೋಲು ಸಮೇತ ತಗೊಳ್ಳಿ" ಅಂದ ಅಂಗಡಿಯವ.

"ಕೋಲು ಉಂಟಲ್ವಾ ಮಾರಾಯ?"

"ಅದರ ಪಿರಿ ಬೇರೆ, ಇದರ ಪಿರಿ ಬೇರೆ. ಕೂರುವುದಿಲ್ಲ." ಪಿರಿ ಅಂದರೆ ತಿರುಗಿಸಿ ಕೂರಿಸುವ ಸುತ್ತು.

ಎರಡನೇ ಅಂಗಡಿಯಲ್ಲಿ ತೂತು ದೊಡ್ಡದು. ಮೂರನೆಯವನ ಹತ್ತಿರ ರಿಪೇರಿ ಮಾಡಿಸಬಹುದಾ ಅಂತ ಕೇಳಿದೆ. ಅವನು ಒಳಗಿದ್ದವನನ್ನು ಕರೆದು ನನ್ನನ್ನು ತೋರಿಸಿದ. ಹೀಗೆ ನಮ್ಮ ಅಟ್ಟದಲ್ಲಿ ಐದು ಕೋಲು ಸೇರಿತು. ಒಂದಕ್ಕೂ ತಲೆ ಇಲ್ಲ. ಊರಿನ ಕೆಲವು ಸಮಿತಿಗಳ ಹಾಗೆ.

ಇದೆಲ್ಲ ನಡೆಯುವುದು ಎಲ್ಲಿ? ಕಾಸರಗೋಡಿನಲ್ಲಿ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಇದು. ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇಲ್ಲೇ ಕೂಡ್ಲಿನಲ್ಲಿ ಉಂಟು. ಒಂದು ತೆಂಗಿನ ಮರ ವರ್ಷಕ್ಕೆ ಹನ್ನೆರಡು ಮಡಲಾದರೂ ಉದುರಿಸುತ್ತದೆ. ಒಂದು ಮಡಲಿನಲ್ಲಿ 200ಕ್ಕಿಂತ ಜಾಸ್ತಿ ಗರಿ, ಗರಿಗೊಂದು ಕಡ್ಡಿ. ಅಂದರೆ ಹಿಡಿಸೂಡಿ, ಅದೇ ಕಡ್ಡಿ ಪೊರಕೆ, ಆಕಾಶದಿಂದ ಬೀಳುತ್ತಾ ಇದೆ. ನಾವು ಅದರಿಂದ ತಲೆ ತಪ್ಪಿಸಿಕೊಂಡು, ಪೇಟೆಗೆ ಹೋಗಿ ಪ್ಲಾಸ್ಟಿಕ್ ತರುತ್ತೇವೆ.

ನಮ್ಮ ಅಜ್ಜಿ ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಕತ್ತಿಯಲ್ಲಿ ಗರಿ ಸೀಳಿ ಕಡ್ಡಿ ಹೆರೆಯುತ್ತಿದ್ದರು. ಒಂದು ದೊಡ್ಡ ಹಿಡಿ ಆದಾಗ ಬುಡವನ್ನು ಕಲ್ಲಿಗೆ ಕುಟ್ಟಿ ಸಮ ಮಾಡಿ, ಬಿಗಿಯಾಗಿ ಕಟ್ಟುವುದು. ಹಸಿ ಕಡ್ಡಿ ಒಣಗಿದ ಹಾಗೆ ಸಪೂರ ಆಗುತ್ತದೆ, ಕಟ್ಟು ಸಡಿಲವಾಗುತ್ತದೆ. ಆಗ ಬುಡದ ನಡುವಿಗೆ ಒಂದು ಮರದ ಬೆಣೆ ಹೊಡೆಯುವುದು. ಪುನಃ ಬಿಗಿ. ಮತ್ತೆ ಸಡಿಲವಾದರೆ ನಾಲ್ಕು ಕಡ್ಡಿ ತುರುಕುವುದು. ರಿಪೇರಿ ಅಂದರೆ ಅಷ್ಟೇ. ಗುಡಿಸಿ ಗುಡಿಸಿ ಮೋಟಾದ ಮೇಲೆ ಅದು ಹಟ್ಟಿಗೆ ಹೋಗುತ್ತಿತ್ತು. ಅಲ್ಲಿಂದ ಬಚ್ಚಲ ಒಲೆಗೆ.

ಇದನ್ನು ನಾನು ಮನೆಯಲ್ಲಿ ಬಹಳ ಚಂದ ಮಾಡಿ ವರ್ಣಿಸಿದೆ. ಹೆಂಡತಿ ಕೇಳಿಸಿಕೊಂಡು, "ಬಗ್ಗಿ ಗುಡಿಸಿದ್ದು ನಿಮ್ಮ ಅಜ್ಜಿ, ನಿಮ್ಮ ಅಜ್ಜ ಅಲ್ವಲ್ಲ" ಅಂದಳು. ಈ ವಿಷಯ ಇಲ್ಲಿಗೇ ಬಿಡುವ.

ಅಂದ ಹಾಗೆ, ನಮ್ಮಲ್ಲಿ ಈ ಒಂದು ವಸ್ತುವಿಗೆ ಹೆಸರುಗಳಿಗೇನೂ ಬರಗಾಲ ಇಲ್ಲ. ಕನ್ನಡದಲ್ಲಿ ಹಿಡಿಸೂಡಿ, ತುಳುವಿನಲ್ಲಿ ಮೈಪು, ಮಲಯಾಳದಲ್ಲಿ ಚೂಲ್. ಘಟ್ಟದ ಮೇಲಿನ ನೆಂಟರು ಬಂದರೆ ಪೊರಕೆ, ಕಸಬರಿಗೆ. ನಾನು ತಂದ ಬ್ರಷ್ಷಿನ ಚೀಟಿಯಲ್ಲಿ ಮಾತ್ರ ಕನ್ನಡ ಇಲ್ಲ. ಗಡಿ ವಿವಾದಕ್ಕೆ ನೇಮಿಸಿದ ಮಹಾಜನ ಆಯೋಗ 1967ರಲ್ಲೇ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತ್ತು. ನಮ್ಮ ಮನೆ ಹೊಳೆಯ ಈಚೆಗೇ ಉಂಟು. ವರದಿ ಯಾವ ಅಟ್ಟದಲ್ಲಿ ಉಂಟೋ. ಅದರದ್ದೂ ಪಿರಿ ಕೂರಲಿಲ್ಲ ಅಂತ ಕಾಣುತ್ತದೆ.

ಸತ್ತ ಬ್ರಷ್ಷಿನ ಉತ್ತರಕ್ರಿಯೆ ಇನ್ನೂ ಬಾಕಿ. ಪ್ಲಾಸ್ಟಿಕ್ ಅಲ್ವಾ, ಸುಡುವ ಹಾಗಿಲ್ಲ, ಸರಿಯೇ. ತೊಳೆದು, ಒಣಗಿಸಿ, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಕೊಡಬೇಕು. ಅದಕ್ಕೆ ತಿಂಗಳಿಗೆ ಇಷ್ಟು ಅಂತ ನಾವೇ ದುಡ್ಡೂ ಕೊಡಬೇಕು. ಬ್ರಷ್ ತೊಳೆಯಲಿಕ್ಕೆ ಇನ್ನೊಂದು ಬ್ರಷ್ ಬೇಕಾಯಿತು. ಜೂನ್ ತಿಂಗಳಲ್ಲಿ ಒಣಗಿಸುವುದು ಹೇಗೆ ಅಂತ ನನ್ನನ್ನು ಕೇಳಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಪಕ್ಕ ಇಟ್ಟಿದ್ದೇನೆ.

ಕೇರಳ ಸರಕಾರದ ಕಸ ಮುಕ್ತಿ ಅಭಿಯಾನ ಉಂಟಲ್ಲ, ಆ ಮಾಲಿನ್ಯಮುಕ್ತ ನವಕೇರಳದ ಘೋಷಣೆಯ ಗಡುವು 2025ರ ಮಾರ್ಚ್ 30 ಆಗಿತ್ತು. ಗಡುವು ಅಂದರೆ ಗಡುವು. ನಮ್ಮ ಪೇಟೆಯೂ ಭರ್ಜರಿಯಾಗಿ ಸ್ವಚ್ಛವಾಯಿತು. ಉದ್ದ ಕೋಲಿನ ಹೊಸ ಬ್ರಷ್ಷುಗಳು ಬಂದವು. ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟವರು ಸಾಲಾಗಿ ನಿಂತು, ಮೊದಲೇ ಗುಡಿಸಿದ್ದ ಜಾಗವನ್ನು ಮತ್ತೆ ಗುಡಿಸಿದರು. ಎಂಥ ನಾಜೂಕು! ಒಂದು ಹುಲ್ಲುಕಡ್ಡಿಗೂ ನೋವಾಗಲಿಲ್ಲ. ಫೋಟೋ ಚಂದ ಬಂತು.

ನಿನ್ನೆ ಬೆಳಿಗ್ಗೆ ನೋಡಿದರೆ, ಅದೇ ರಸ್ತೆಯನ್ನು ಯಾವಾಗಲೂ ಗುಡಿಸುವ ಹೆಂಗಸು ಗುಡಿಸುತ್ತಿದ್ದರು. ಕೈಯಲ್ಲಿ ಗೇಣುದ್ದದ ಮೋಟು ಹಿಡಿಸೂಡಿ. ಹೊಸ ಬ್ರಷ್ ಎಲ್ಲಿ ಅಂತ ಕೇಳಿದೆ. ಒಳಗೆ ಇಟ್ಟು ಬೀಗ ಹಾಕಿದ್ದಾರಂತೆ. ಮುಂದಿನ ಕಾರ್ಯಕ್ರಮಕ್ಕೆ ಬೇಕಲ್ಲ. ಇದಕ್ಕೆ ನನಗೆ ತಮಾಷೆ ಮಾಡಲಿಕ್ಕೆ ಆಗುವುದಿಲ್ಲ. ಅರುವತ್ತರ ಹತ್ತಿರದ ಹೆಂಗಸು ನೆಲದವರೆಗೆ ಬಗ್ಗಿ ಇಡೀ ಪೇಟೆ ಗುಡಿಸಬೇಕು, ಬ್ರಷ್ ಕಪಾಟಿನಲ್ಲಿ ಇರಬೇಕು. ನಾಚಿಕೆ ಆಗಬೇಕು ನಮಗೆ.

ಅವರೇ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತು, "ನಿಮ್ಮಲ್ಲಿ ಒಂದು ಕೋಲು ಉಂಟಾ ಮಾಷ್ಟ್ರೇ? ಇದನ್ನು ಅದಕ್ಕೆ ಕಟ್ಟುತ್ತಿದ್ದೆ" ಅಂದರು.

ಎರಡು ಕೊಟ್ಟೆ. ಮೂರು ಇನ್ನೂ ಅಟ್ಟದಲ್ಲಿ ಉಂಟು. ಸಮಿತಿಯವರಿಗೆ ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ.